ನಿನೆವೆಗೆ ಕ್ಷಮೆ ಏಕೆ?

ಮಾನ್ಯ ಓದುಗರೇ,

ಹಿಂದಿನ ಸಂಚಿಕೆಯಲ್ಲಿ ಪ್ರವಾದಿ ಯೋನನ ಕಥೆಯನ್ನು ಓದಿ, ಕ್ರೂರಿಗಳಾದ ನಿನೆವೆಯವರನ್ನು ದೇವರು ಕ್ಷಮಿಸಿಬಿಟ್ಟರೆ ಅವರಿಂದ ನೊಂದವರ ಕಣ್ಣೀರಿಗೆ ಬೆಲೆಯೇನು ಎಂದು ಕೇಳಿದ್ದೀರಿ. ಈ ಪ್ರಶ್ನೆ ನ್ಯಾಯವಾದದ್ದು. ಯೋನನನ್ನು ಸುಟ್ಟದ್ದೂ ಇದೇ.

ನಿನೆವೆಗೆ ಹೋಗಿ ಅದರ ದುಷ್ಟತನವನ್ನು ಖಂಡಿಸು ಎಂದು ದೇವರು ಹೇಳಿದಾಗ, ಅವನು ಅಲ್ಲಿಗೆ ಹೋಗದೆ ದೂರದ ತಾರ್ಷೀಷಿನ ಹಡಗು ಹತ್ತಿದ್ದು ಪ್ರಾಣಭಯದಿಂದ ಎಂದು ಅನೇಕರು ತಿಳಿದಿದ್ದಾರೆ. ಅವನನ್ನು ದೊಡ್ಡ ಮೀನು ನುಂಗಿದ ಪ್ರಸಂಗವೇ ಮನಸ್ಸನ್ನು ತುಂಬಿಕೊಳ್ಳುವುದರಿಂದ ಯೋನನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಗಮನವಿಟ್ಟು ಓದುವವರು ಕಡಿಮೆ. ದೇವರು ಕನಿಕರವುಳ್ಳವನು, ದೀರ್ಘಶಾಂತನು, ಪ್ರೀತಿಯಲ್ಲಿ ಸಮೃದ್ಧನು ಎಂಬುದು ಗೊತ್ತಿದ್ದುದರಿಂದಲೇ ತಾನು ಓಡಿಹೋದೆ ಎಂದು ಅಲ್ಲಿ ಅವನೇ ಹೇಳುತ್ತಾನೆ. ಅವನ ಸಿಟ್ಟು ಬರಿಯ ಹಟವಲ್ಲ. ನಿನೆವೆ ಅಶ್ಶೂರ್ಯರ ಮಹಾನಗರ. ಯೋನನ ನಾಡಾದ ಉತ್ತರ ಇಸ್ರಾಯೇಲಿನ ರಾಜಧಾನಿ ಸಮಾರ್ಯವು ಮುಂದೆ ಕ್ರಿ.ಪೂ. 722ರ ಸುಮಾರಿಗೆ ಬಿದ್ದು, ಜನರು ಸೆರೆಯಾಳುಗಳಾಗಿ ಹೋದದ್ದು ಅದೇ ಅಶ್ಶೂರ್ಯರ ಕೈಯಿಂದ.

ಆದರೆ ಯೋನನು ದೂರಿನಂತೆ ಆಡಿದ ಆ ಮಾತುಗಳು ಎಲ್ಲಿಂದ ಬಂದವು ಎಂಬುದನ್ನು ನೋಡಬೇಕು. ಇಸ್ರಾಯೇಲರು ಬಂಗಾರದ ಕರುವಿಗೆ ಅಡ್ಡಬಿದ್ದು ಒಡಂಬಡಿಕೆಯನ್ನು ಮುರಿದ ಮೇಲೆ, ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಗೆ ತನ್ನ ಸ್ವಭಾವವನ್ನು ಸಾರಿದ ಮಾತುಗಳಿವು. ಬೈಬಲಿನ ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿವೆ. ಯೋನನ ಪೂರ್ವಿಕರು ಅಳಿಯದೆ ಉಳಿದದ್ದು ಆ ಕರುಣೆಯಿಂದಲೇ. ತನ್ನವರನ್ನು ಬದುಕಿಸಿದ್ದು ಶತ್ರುವಿಗೂ ಸಿಕ್ಕಿತಲ್ಲ ಎಂಬುದೇ ಅವನ ಸಂಕಟ, ಮತ್ತು ಈ ಗ್ರಂಥದ ಜೀವಾಳವೇ ಆ ಸಂಕಟ ಎಂದು ನಾನು ನಂಬಿದ್ದೇನೆ.

ಇನ್ನೊಂದು ವಿಷಯ. ಯೋನನು ಕೊನೆಗೆ ಹೋಗಿ ದೇವರ ಎಚ್ಚರಿಕೆಯನ್ನು ಸಾರಿದಾಗ ನಿನೆವೆಯ ಅರಸನು ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕುಳಿತದ್ದಲ್ಲದೆ, ಪ್ರತಿಯೊಬ್ಬರೂ ತಾವು ನಡೆಸುತ್ತಿದ್ದ ಹಿಂಸೆಯನ್ನು ಬಿಟ್ಟುಬಿಡಬೇಕೆಂದು ಆಜ್ಞೆ ಹೊರಡಿಸಿದನು. ಅವರು ದುರ್ಮಾರ್ಗವನ್ನು ಬಿಟ್ಟದ್ದನ್ನು ಕಂಡು ದೇವರು ಮನಮರುಗಿದನು. ಹಿಂಸೆ ಮುಂದುವರಿಯುತ್ತಿರುವಾಗಲೇ ನೊಂದವರು ಕ್ಷಮಿಸಬೇಕು ಎಂದು ಉಪದೇಶಿಸುವವರು ಈ ಕಥೆಯನ್ನು ಆಧಾರವಾಗಿ ಎತ್ತಿಕೊಳ್ಳುವಂತಿಲ್ಲ.

ಯೋನನ ಕೋಪವನ್ನೂ ದೇವರು ತಳ್ಳಿಹಾಕುವುದಿಲ್ಲ. ಸಾಯುವುದೇ ಲೇಸು ಎನ್ನುವವನ ತಲೆಯ ಮೇಲೆ ಗಿಡದ ನೆರಳನ್ನು ಹಬ್ಬಿಸುತ್ತಾನೆ. ಅದು ಒಣಗಿದಾಗ, ಒಂದು ಗಿಡಕ್ಕಾಗಿ ಮರುಗುವ ನೀನು, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರಿಗಾಗಿ, ಅವರ ದನಕರುಗಳಿಗಾಗಿ ನಾನು ಮರುಗಬಾರದೇ ಎಂದು ಕೇಳುತ್ತಾನೆ. ನಿನೆವೆಗೆ ದೊರೆತ ತಾಳ್ಮೆ ಯೋನನಿಗೂ ದೊರೆಯಿತು.

ನಿಮ್ಮ ಮನಸ್ಸು ಇನ್ನೂ ಒಪ್ಪದಿದ್ದರೆ, ಮೀಕನ ಗ್ರಂಥವನ್ನು ದಾಟಿ ಮುಂದಿರುವ ಪ್ರವಾದಿ ನಹೂಮನ ಗ್ರಂಥದ ಮೂರು ಅಧ್ಯಾಯಗಳನ್ನೂ ಓದಿ. ಕ್ರಿ.ಪೂ. 612ರಲ್ಲಿ ನಾಶವಾದ ನಿನೆವೆಯ ಮೇಲೆ ನೊಂದವರ ಆಕ್ರೋಶ ಅಲ್ಲಿ ಒಂದಿಷ್ಟೂ ತಗ್ಗದೆ ಕೇಳಿಸುತ್ತದೆ; ಬೈಬಲು ಆ ದನಿಯನ್ನೂ ಅಳಿಸಿಲ್ಲ.

– ಸಂಪಾದಕ