ಕವರೇಜ್ 100% ಇದ್ದರೂ ಟೆಸ್ಟ್ ಜಾಸ್ತಿ ಬೇಕಾ?

ಕವರೇಜ್ (ಟೆಸ್ಟುಗಳು ಕೋಡಿನ ಎಷ್ಟು ಸಾಲುಗಳನ್ನು ಓಡಿಸಿದವು ಅನ್ನೋ ಲೆಕ್ಕ) 100% ಇದೆ, ಎಲ್ಲ ಟೆಸ್ಟೂ ಪಾಸ್, ಇನ್ನೂ ಯಾಕೆ ಬರೆಯಬೇಕು ಅಂತ ಕೇಳಿದ್ದೀರಿ. ಒಂದು ಸಾಲು ಓಡಿತು ಅಂತ ಮಾತ್ರ ಕವರೇಜ್ ಹೇಳುತ್ತದೆ. ಉತ್ತರ ಸರಿಯಾ ಅನ್ನೋದು ಬೇರೆ ಮಾತು, ಅಲ್ವಾ?

ನನ್ನದೇ ಕೋಡ್ ನೋಡಿ. ಒಂದು ಪುಟಕ್ಕೆ 10 ಐಟಂ. ಪುಟಗಳ ಲೆಕ್ಕಕ್ಕೆ ಇದ್ದದ್ದು ಒಂದೇ ಸಾಲು: ಒಟ್ಟು ಐಟಂಗಳನ್ನು 10ರಿಂದ ಭಾಗಿಸಿ, ಶೇಷ ಬಿಟ್ಟು, 1 ಕೂಡಿಸುವುದು. 95ಕ್ಕೆ 10 ಪುಟ ಬಂತು, 43ಕ್ಕೆ 5. ಎಲ್ಲ ಟೆಸ್ಟೂ ಹಸಿರು, ಅಂದರೆ ಪಾಸ್. ಎಷ್ಟೋ ದಿನದ ಮೇಲೆ ಸುಮ್ನೆ 100 ಕೊಟ್ಟು ನೋಡಿದೆ. 11 ಬಂತು! ಕೊನೆಯ ಪುಟ ಖಾಲಿ. ಹಳೆಯ ಟೆಸ್ಟುಗಳಲ್ಲಿ ಸರಿಯಾಗಿ ಭಾಗವಾಗುವ ಸಂಖ್ಯೆ ಒಂದೂ ಇರಲಿಲ್ಲ, ಅಷ್ಟೇ.

ಇರುವ ಟೆಸ್ಟಿಗೇ 0, 9, 10, 11 ಥರದ ಅಂಚಿನ ಸಂಖ್ಯೆಗಳನ್ನು ಸೇರಿಸಿ. ಖಾಲಿ ಲಿಸ್ಟನ್ನೂ ಮರೆಯಬೇಡಿ. ಟೆಸ್ಟ್ ಫೇಲ್ ಆಗೋದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ತಿದ್ದಿ.