ಲೆಕ್ಕದ ಅಂಚೆ: ಹೊಡೆದುಹಾಕಿದ ಮನೆಗಳು

ಪ್ರಶ್ನೆ: ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಮೊತ್ತ 8 ಬಂದಿದೆ. ಹಾಗಾದರೆ ಒಂದರಲ್ಲಾದರೂ 3 ಬಿದ್ದಿರುವ ಸಂಭವನೀಯತೆ ಎಷ್ಟು? ನಾನು 2/36 ಎಂದು ಬರೆದೆ. ಸರಿಯುತ್ತರ 2/5 ಅಂತೆ. ಇನ್ನೊಂದು ಪ್ರಶ್ನೆಗೆ, ಪರಸ್ಪರ ವರ್ಜಿತ ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಆದ್ದರಿಂದ ಅವು ಸ್ವತಂತ್ರ ಘಟನೆಗಳು ಎಂದು ಬರೆದು ಅಂಕ ಕಳೆದುಕೊಂಡೆ. ಸೂತ್ರಗಳೆಲ್ಲ ಬಾಯಿಪಾಠವಾಗಿವೆ. ನಾನು ಎಡವುತ್ತಿರುವುದು ಎಲ್ಲಿ?
- ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ

ಉತ್ತರ: ಸೂತ್ರಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ಹಾಳೆಯ ಮೇಲೆ ಅಡ್ಡಕ್ಕೆ ಆರು, ಉದ್ದಕ್ಕೆ ಆರು, ಒಟ್ಟು 36 ಮನೆಗಳ ಚೌಕ ಹಾಕಿ. ಅಡ್ಡಸಾಲುಗಳು ಮೊದಲ ದಾಳಕ್ಕೆ, ಕಂಬಸಾಲುಗಳು ಎರಡನೆಯದಕ್ಕೆ. ಮೂವತ್ತು ವರ್ಷ ಪಾಠ ಹೇಳಿದ ಮೇಲೆಯೂ ದಾಳದ ಲೆಕ್ಕ ಬಂದರೆ ನಾನು ಮೊದಲು ಮಾಡುವುದು ಇದನ್ನೇ.

ಮೊತ್ತ 8 ಬರುವ ಮನೆಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ: (2,6), (3,5), (4,4), (5,3), (6,2). ಐದೇ ಮನೆಗಳು, ಮೆಟ್ಟಿಲಿನ ಹಾಗೆ ಓರೆಯಾಗಿ ನಿಂತಿವೆ. ಈಗ ಉಳಿದ 31 ಮನೆಗಳನ್ನು ಹೊಡೆದುಹಾಕಿ. ಮನಸ್ಸಿನಲ್ಲೇ ಅಲ್ಲ, ಪೆನ್ಸಿಲಿನಿಂದಲೇ ಹೊಡೆದುಹಾಕಿ. ‘ಮೊತ್ತ 8 ಬಂದಿದೆ’ ಎಂದು ಯಾರೋ ನಿಮಗೆ ತಿಳಿಸಿದ ಗಳಿಗೆಯಲ್ಲಿಯೇ ಆ 31 ಮನೆಗಳು ಇಲ್ಲವಾದವು. ಉಳಿದ ಐದರಲ್ಲಿ 3 ಇರುವವು ಎರಡು. ಆದ್ದರಿಂದ 2/5.

ನಿಮ್ಮ ಅಂಶ ಸರಿಯಾಗಿಯೇ ಇದೆ, ಛೇದ ಮಾತ್ರ ಹಳೆಯದು. 2/36 ಎಂಬುದು ಬೇರೊಂದು ಪ್ರಶ್ನೆಯ ಉತ್ತರ: ಏನೂ ಗೊತ್ತಿಲ್ಲದೆ ಉರುಳಿಸಿದಾಗ ಮೊತ್ತ 8 ಆಗಬೇಕು, ಜೊತೆಗೆ ಒಂದರಲ್ಲಿ 3 ಕೂಡ ಬೀಳಬೇಕು. ನೀವು ಬಾಯಿಪಾಠ ಮಾಡಿದ ಸೂತ್ರ ಆ 2/36 ಅನ್ನು 5/36 ರಿಂದ ಭಾಗಿಸು ಎನ್ನುತ್ತದೆ. ಭಾಗಿಸಿದರೆ 36 ಹೊಡೆದುಹೋಗಿ 2/5 ಉಳಿಯುತ್ತದೆ. ಹಾಳೆಯ ಮೇಲೆ ನೀವು ಪೆನ್ಸಿಲಿನಿಂದ ಮಾಡಿದ್ದೂ ಅದೇ ಕೆಲಸ.

ಅದೇ ಹಾಳೆಯಲ್ಲಿ ಪ್ರಶ್ನೆಯನ್ನು ತಿರುಗಿಸಿ ನೋಡಿ. ಒಂದರಲ್ಲಾದರೂ 3 ಬಿದ್ದಿದೆ ಎಂದು ಗೊತ್ತಿದೆ. ಮೊತ್ತ 8 ಆಗಿರುವ ಸಂಭವನೀಯತೆ ಎಷ್ಟು? ಈಗ ಉಳಿಯುವುದು ಮೂರನೆಯ ಅಡ್ಡಸಾಲು ಮತ್ತು ಮೂರನೆಯ ಕಂಬಸಾಲು. ಆರು ಮತ್ತು ಆರು ಹನ್ನೆರಡಲ್ಲ, ಹನ್ನೊಂದು. (3,3) ಎರಡೂ ಸಾಲುಗಳಿಗೆ ಸೇರಿದ ಮನೆ. ಉತ್ತರ 2/11. ಬೇಕಾದ ಎರಡು ಮನೆಗಳು ಮೊದಲಿನವೇ, ಆದರೆ ಅವುಗಳ ಸುತ್ತಲಿನ ಬಯಲು ಬೇರೆ. ‘ಗೊತ್ತಿದ್ದಾಗ’, ‘ಎಂದು ತಿಳಿದರೆ’ ಎಂಬ ಮಾತುಗಳ ಹಿಂದೆ ಏನಿದೆಯೋ ಅದು ಛೇದಕ್ಕೆ ಹೋಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅಂಥ ಮಾತಿನ ಕೆಳಗೆ ಗೆರೆ ಎಳೆಯುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ.

ಇನ್ನು ವರ್ಜಿತ ಘಟನೆಗಳು. ‘ಮೊತ್ತ 8’ ಮತ್ತು ‘ಒಂದರಲ್ಲಾದರೂ 1’, ಈ ಎರಡನ್ನು ಹೊಸ ಚೌಕದಲ್ಲಿ ಗುರುತು ಮಾಡಿ. ಮೆಟ್ಟಿಲಿನ ಐದು ಮನೆಗಳಲ್ಲಿ ಒಂದೂ ಮೊದಲ ಅಡ್ಡಸಾಲನ್ನಾಗಲಿ ಮೊದಲ ಕಂಬಸಾಲನ್ನಾಗಲಿ ಮುಟ್ಟುವುದಿಲ್ಲ. 1 ಬಿದ್ದ ಮೇಲೆ ಮೊತ್ತ 8 ಆಗಲು ಇನ್ನೊಂದರಲ್ಲಿ 7 ಬೇಕು, ದಾಳದಲ್ಲಿ 7 ಇಲ್ಲ. ಒಂದೇ ಉರುಳಿಕೆಯಲ್ಲಿ ಎರಡೂ ಆಗಲಾರವು. ಇದೇ ಪರಸ್ಪರ ವರ್ಜಿತ ಎಂಬುದರ ಅರ್ಥ. ಒಂದೇ ಒಂದು ಮನೆ ಎರಡಕ್ಕೂ ಸೇರಿದ್ದರೂ ಅವು ವರ್ಜಿತವಲ್ಲ.

ಇವಕ್ಕೆ ಸಂಬಂಧವಿಲ್ಲ ಎನ್ನಬಹುದೇ? ಏನೂ ಗೊತ್ತಿಲ್ಲದಿದ್ದಾಗ ಒಂದರಲ್ಲಾದರೂ 1 ಬೀಳುವ ಸಂಭವನೀಯತೆ 11/36. ಮೊತ್ತ 8 ಎಂಬ ಸುದ್ದಿ ಬಂದೊಡನೆ ಅದು ಸೊನ್ನೆಗೆ ಇಳಿಯಿತು. ಇದಕ್ಕಿಂತ ಗಟ್ಟಿಯಾದ ಸಂಬಂಧ ಇನ್ನೇನಿದೆ! ಒಂದು ಬಂದರೆ ಇನ್ನೊಂದಕ್ಕೆ ಬಾಗಿಲೇ ಮುಚ್ಚಿತು. ಸ್ವತಂತ್ರ ಎನ್ನಬೇಕಾದರೆ ಸುದ್ದಿ ಬಂದರೂ ಸಂಭವನೀಯತೆ ಅಲುಗಬಾರದು. ಮೊದಲ ದಾಳದಲ್ಲಿ 4 ಬೀಳುವ ಸಂಭವನೀಯತೆ 1/6. ಮೊತ್ತ 7 ಎಂದು ತಿಳಿದರೆ ಉಳಿಯುವ ಆರು ಮನೆಗಳಲ್ಲಿ ಒಂದರಲ್ಲಿ ಮಾತ್ರ ಮೊದಲ ದಾಳ 4, ಆಗಲೂ 1/6. ಇವು ಸ್ವತಂತ್ರ. ಮೊತ್ತ 8 ಎಂದು ತಿಳಿದರೆ ಅದು 1/5 ಆಗುತ್ತದೆ, ಸ್ವಾತಂತ್ರ್ಯ ಹೋಯಿತು. 7 ಮತ್ತು 8ರ ನಡುವಿನ ಈ ವ್ಯತ್ಯಾಸ ನನಗೆ ಇಂದಿಗೂ ಬಹಳ ಇಷ್ಟ. ಸಂಭವನೀಯತೆ ಸೊನ್ನೆಯಲ್ಲದ ಎರಡು ಘಟನೆಗಳು ವರ್ಜಿತವಾಗಿದ್ದರೆ ಅವು ಎಂದಿಗೂ ಸ್ವತಂತ್ರವಾಗಲಾರವು.

ಪ್ರಶ್ನೆ: ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ಮಗಳು ವಾದಿಸುತ್ತಾಳೆ. ಮೊದಲೇ ಶಿರ ಬಿದ್ದರೆ ಕೆಲಸ ಮುಗಿಯಿತು. ಇಲ್ಲವಾದರೆ ಪುಚ್ಛದ ನಂತರ ಶಿರ, ಅಥವಾ ಎರಡೂ ಪುಚ್ಛ. ಮೂರರಲ್ಲಿ ಎರಡು ಎನ್ನುತ್ತಾಳೆ. ಹೇಗೆ ತಿದ್ದಲಿ?
- ಒಬ್ಬ ತಂದೆ

ಉತ್ತರ: ಗದರಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ, ತಾನೇ ಸಂಪಾದಕನಾಗಿದ್ದ ವಿಶ್ವಕೋಶದಲ್ಲಿ, ಅಕ್ಷರಶಃ ಇದೇ ವಾದ ಬರೆದಿದ್ದಾನೆ. ಮಗಳು ಹೇಳುವ ಮೂರು ಘಟನೆಗಳು ಪರಸ್ಪರ ವರ್ಜಿತ ಎಂಬುದು ನಿಜ, ಅದನ್ನು ಗುರುತಿಸಿದ್ದಕ್ಕೆ ಮೆಚ್ಚುಗೆ ಹೇಳಿ. ಆದರೆ ಅವು ಸಮಾನವಲ್ಲ. ಮೊದಲು ಶಿರ ಎಂಬುದರ ಪಾಲು 1/2. ಪುಚ್ಛದ ನಂತರ ಶಿರ ಎಂಬುದು ಅರ್ಧದಲ್ಲಿ ಅರ್ಧ, 1/4. ಎರಡೂ ಪುಚ್ಛ ಎಂಬುದೂ 1/4. ವರ್ಜಿತವಾದ್ದರಿಂದ ಮೊದಲೆರಡನ್ನು ಧೈರ್ಯವಾಗಿ ಕೂಡಬಹುದು: 3/4.

ಬಾಯಿಮಾತಿಗೆ ಒಪ್ಪದಿದ್ದರೆ ಅವಳ ಕೈಗೆ ಎರಡು ನಾಣ್ಯ ಕೊಟ್ಟು ಒಟ್ಟಿಗೆ ನೂರು ಸಲ ಚಿಮ್ಮಿಸಿ. ಪ್ರತಿ ಸಲವೂ ಏನು ಬಿತ್ತೆಂದು ಅವಳೇ ಬರೆದುಕೊಳ್ಳಲಿ, ಎಣಿಕೆಯೂ ಅವಳದೇ ಆಗಿರಲಿ.