ಆನ್‌ಲೈನ್ ಬಿಟ್ಟವರನ್ನೂ ಕೇಳಿ

ಪ್ರಶ್ನೆ: ನಾವು ಆರು ಜನ ಸೇರಿ ನಡೆಸುವ ಸಣ್ಣ ವ್ಯಾಪಾರ ನಮ್ಮದು. ಮೊನ್ನೆ ವಿಶ್ವವಿದ್ಯಾಲಯದಿಂದ ಇಬ್ಬರು ಬಂದು, ಸಣ್ಣ ಉದ್ಯಮಗಳಲ್ಲಿ ಇ-ಕಾಮರ್ಸ್ ಬಗ್ಗೆ ಸಂಶೋಧನೆ ಮಾಡ್ತಿದ್ದೇವೆ ಅಂತ ಹತ್ತು ಪುಟದ ಪ್ರಶ್ನಾವಳಿ ಕೊಟ್ಟು ಹೋದರು. ದೊಡ್ಡ ಕಂಪನಿಗಳು ಮಾಡಿದ್ದನ್ನು ನೋಡಿ ಕಲಿತರೆ ಸಾಲದೇ? ಇದನ್ನು ತುಂಬಿಕೊಟ್ಟರೆ ನಮಗೇನು ಸಿಗುತ್ತದೆ?

ಉತ್ತರ: ಖಂಡಿತ ಸಾಲದು. ದೊಡ್ಡವರಿಗೆ ಹೊಂದಿದ್ದು ಚಿಕ್ಕವರಿಗೂ ಹೊಂದುತ್ತದೆ, ಅಳತೆ ಮಾತ್ರ ಕಡಿಮೆ ಮಾಡಿಕೊಂಡರಾಯ್ತು ಅನ್ನುವ ನಂಬಿಕೆ ಬಹಳ ಕಾಲ ಇತ್ತು. ಅದು ತಪ್ಪು ಅಂತ 1981ರಲ್ಲೇ ಜಾನ್ ವೆಲ್ಶ್ ಮತ್ತು ಜೆರ್ರಿ ವೈಟ್ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದರು. ಸಣ್ಣ ವ್ಯಾಪಾರದಲ್ಲಿ ಕೈಯಲ್ಲಿರುವ ದುಡ್ಡು, ಜನ, ಸಮಯ ಮೂರೂ ಕಡಿಮೆ. ಹಾಗಾಗಿ ಒಂದು ತಪ್ಪು ನಿರ್ಧಾರ ಸಾಕು, ಇಡೀ ವ್ಯಾಪಾರವೇ ಅಲ್ಲಾಡಿಬಿಡುತ್ತದೆ. ದೊಡ್ಡ ಕಂಪನಿ ಒಂದು ಸಾಫ್ಟ್‌ವೇರ್ ತಂದು, ಸರಿಹೋಗಲಿಲ್ಲ ಅಂತ ಬಿಸಾಡಿ, ಇನ್ನೊಂದು ತರಬಹುದು. ನೀವು ಹಾಗೆ ಮಾಡೋಕಾಗುತ್ತಾ?

ಇದರ ನಂತರ ಸಣ್ಣವರನ್ನೇ ನೋಡಿ ಮಾಡಿದ ಕೆಲಸ ಸಾಕಷ್ಟು ಬಂತು. ನನಗೆ ತುಂಬಾ ಬೆಲೆಯುಳ್ಳದ್ದು ಅನ್ನಿಸುವುದು ಜೇಮ್ಸ್ ಥಾಂಗ್ ಅವರು ಸಿಂಗಾಪುರದ 166 ಸಣ್ಣ ಉದ್ಯಮಗಳ ಮೇಲೆ ಮಾಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಕಂಡದ್ದು ಇದು: ಕಂಪ್ಯೂಟರ್ ವ್ಯವಸ್ಥೆ ತರಬೇಕೋ ಬೇಡವೋ ಅನ್ನುವ ತೀರ್ಮಾನದಲ್ಲಿ ಮಾಲೀಕರ ಪಾತ್ರ ದೊಡ್ಡದು, ಅದು ನಿಂತಿರುವುದು ಅವರಿಗೆ ಹೊಸದರಲ್ಲಿ ಆಸಕ್ತಿ ಇದೆಯಾ, ಅದರ ಬಗ್ಗೆ ಎಷ್ಟು ಗೊತ್ತು ಅನ್ನುವುದರ ಮೇಲೆ. ಆದರೆ ತಂದ ಮೇಲೆ ಅದು ಎಷ್ಟರಮಟ್ಟಿಗೆ ಬಳಕೆಯಾಗುತ್ತದೆ ಅನ್ನುವುದು ಮಾಲೀಕರ ಉತ್ಸಾಹದಿಂದ ತೀರ್ಮಾನವಾಗುವುದಿಲ್ಲ, ಅದಕ್ಕೆ ಮುಖ್ಯ ಕಾರಣ ಸಂಸ್ಥೆಯೇ. ಅದರ ಗಾತ್ರ ಎಷ್ಟು, ಕೆಲಸಗಾರರಿಗೆ ಎಷ್ಟು ತಿಳಿದಿದೆ, ಇಂಥವು. ಈ ಮಾತನ್ನು ಒಂದು ನಿಮಿಷ ನಿಮ್ಮ ಆರು ಜನರಿಗೆ ಹಚ್ಚಿ ನೋಡಿ. ನೀವು ಇಷ್ಟಪಟ್ಟು ತಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಟಾಕ್ ಬರೆಯಬೇಕಾದವರು ಬೇರೆ ಯಾರೋ, ಅವರಿಗೆ ಯಾರೂ ಕೂತು ಕಲಿಸಿಲ್ಲ ಅಂದರೆ ಅವರು ನೋಟ್‌ಬುಕ್‌ನಲ್ಲೇ ಬರೆದುಕೊಳ್ಳುತ್ತಾರೆ. ಆಮೇಲೆ ಆನ್‌ಲೈನ್‌ನಲ್ಲಿ 'ಇದೆ' ಅಂತ ತೋರಿಸುವ ವಸ್ತು ನಿಜವಾಗಿ ಖಾಲಿಯಾಗಿರುತ್ತದೆ, ಆರ್ಡರ್ ಬರುತ್ತದೆ, ಕಳಿಸಲಾಗದೆ ಗಿರಾಕಿ ಕೈತಪ್ಪುತ್ತಾರೆ. ಇದರಲ್ಲಿ ಸಾಫ್ಟ್‌ವೇರ್‌ನ ತಪ್ಪೇನೂ ಇಲ್ಲ.

ಇಂಥದ್ದು ನಿಮ್ಮಂಥವರು ಬಾಯಿಬಿಟ್ಟು ಹೇಳಿದರೆ ಮಾತ್ರ ಹೊರಗೆ ಬರುತ್ತದೆ. ಅದಕ್ಕೇ ತುಂಬಿಕೊಡಿ ಅನ್ನುತ್ತೇನೆ. ಸುಮ್ನೆ ಟಿಕ್ ಹಾಕಿ ಮುಗಿಸಬೇಡಿ, ಅಂಚಿನಲ್ಲಿ ಜಾಗ ಇದ್ದರೆ ಬರೆಯಿರಿ. ಕೊಡುವ ಮೊದಲು ಅವರನ್ನೂ ಕೇಳಿ: ನಮ್ಮ ವ್ಯಾಪಾರದ ಲೆಕ್ಕವನ್ನು ಯಾರು ಯಾರು ನೋಡುತ್ತಾರೆ, ನಮ್ಮ ಹೆಸರು ಎಲ್ಲಾದರೂ ಬರುತ್ತದಾ, ನಡುವೆ ಬೇಡ ಅನ್ನಿಸಿದರೆ ನಿಲ್ಲಿಸಬಹುದಾ, ಮುಗಿದ ಮೇಲೆ ಏನು ಕಂಡಿತು ಅಂತ ನಮಗೆ ಅರ್ಥವಾಗುವ ಭಾಷೆಯಲ್ಲಿ ಬಂದು ಹೇಳುತ್ತೀರಾ? ಒಳ್ಳೆಯ ಸಂಶೋಧಕರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಕೊನೆಯದಕ್ಕೆ 'ಹೌದು' ಅಂದವರಿಗೆ ಇನ್ನೂ ಅರ್ಧ ಗಂಟೆ ಜಾಸ್ತಿ ಕೊಡಿ.

ಪ್ರಶ್ನೆ: ಆನ್‌ಲೈನ್ ಮಾರಾಟ ಶುರು ಮಾಡಿ ಮೂರು ತಿಂಗಳಾಯ್ತು. ಒಬ್ಬರು ಕೆಟ್ಟ ರೇಟಿಂಗ್ ಕೊಟ್ಟಿದ್ದಾರೆ, ರಾತ್ರಿ ನಿದ್ದೆ ಬರುತ್ತಿಲ್ಲ. ರೇಟಿಂಗ್‌ಗೆ ನಿಜವಾಗಿ ಅಷ್ಟು ಬೆಲೆ ಇದೆಯಾ?

ಉತ್ತರ: ಬೆಲೆ ಇದೆ, ಆದರೆ ನಿದ್ದೆ ಕೆಡುವಷ್ಟಲ್ಲ. ಪಾಲ್ ರೆಸ್ನಿಕ್ ಮತ್ತು ಜೊತೆಗಾರರು ಇಬೇ ತಾಣದಲ್ಲಿ ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಹಳೆಯ ಪೋಸ್ಟ್‌ಕಾರ್ಡ್ ಮಾರುವ ಅನುಭವಿಯೊಬ್ಬರು ಒಂದೇ ರೀತಿಯ ಕಾರ್ಡುಗಳನ್ನು ತಮ್ಮ ಒಳ್ಳೆಯ ಹೆಸರಿನಲ್ಲೂ, ಯಾರಿಗೂ ಗೊತ್ತಿಲ್ಲದ ಹೊಸ ಹೆಸರುಗಳಲ್ಲೂ ಮಾರಿದರು. ಹೆಸರು ಮಾಡಿದ ಖಾತೆಗೆ ಕೊಳ್ಳುವವರು 8.1 ಶೇಕಡಾ ಹೆಚ್ಚು ಕೊಡಲು ತಯಾರಿದ್ದರು. ನಿಮಗೆ ಬೇಕಾದದ್ದು ಅದೇ ಅಧ್ಯಯನದ ಇನ್ನೊಂದು ಭಾಗ: ಹೊಸ ಮಾರಾಟಗಾರರಿಗೆ ಒಂದೆರಡು ಕೆಟ್ಟ ಅಭಿಪ್ರಾಯ ಬಂದಿದ್ದರೂ ಜನ ಕೊಡಲು ಒಪ್ಪುವ ಬೆಲೆ ಕಡಿಮೆಯಾಗಲಿಲ್ಲ. ಆ ಒಬ್ಬ ಗಿರಾಕಿಗೆ ಸಮಾಧಾನವಾಗಿ ಉತ್ತರ ಬರೆಯಿರಿ. ಮುಂದಿನ ಆರ್ಡರ್ ಹೇಳಿದ ದಿನಕ್ಕೇ ಕಳಿಸಿ.

ಪ್ರಶ್ನೆ: ಪಿಎಚ್.ಡಿಗೆ ಸೇರಿದ್ದೇನೆ, ವಿಷಯ ಸಣ್ಣ ಉದ್ಯಮಗಳಲ್ಲಿ ಮಾಹಿತಿ ತಂತ್ರಜ್ಞಾನ. ಟ್ಯಾಮ್ ಮಾದರಿ ಇಟ್ಟುಕೊಂಡು ಇನ್ನೂರು ಜನಕ್ಕೆ ಪ್ರಶ್ನಾವಳಿ ಹಂಚು, ಮುಗಿಯಿತು ಅಂತ ನನ್ನ ಗೈಡ್ ಹೇಳುತ್ತಾರೆ. ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಮನಸ್ಸು ಒಪ್ಪದಿರುವುದು ಒಳ್ಳೆಯ ಲಕ್ಷಣ. ಓದುಗರಿಗಾಗಿ ಒಂದು ಮಾತು: ಟ್ಯಾಮ್ ಅನ್ನುವುದು ಫ್ರೆಡ್ ಡೇವಿಸ್ ಅವರ ಮಾದರಿ. ಜನ ಒಂದು ತಂತ್ರಜ್ಞಾನವನ್ನು ಒಪ್ಪಿಕೊಳ್ಳುವುದು ಎರಡು ಅನಿಸಿಕೆಗಳ ಮೇಲೆ, ಇದು ಉಪಯೋಗಕ್ಕೆ ಬರುತ್ತದಾ, ಇದನ್ನು ಬಳಸುವುದು ಸುಲಭವಾ ಅಂತ ಅದು ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ 1989ರ ಆ ಅಧ್ಯಯನದಲ್ಲಿ ಉತ್ತರ ಕೊಟ್ಟವರು ಯಾರು ನೋಡಿ: ಐಬಿಎಂನಂಥ ದೊಡ್ಡ ಕಂಪನಿಯ ನೌಕರರು ಮತ್ತು ಎಂಬಿಎ ವಿದ್ಯಾರ್ಥಿಗಳು. ಅವರು ಇಮೇಲ್‌ನಂಥ ಕೆಲವು ಸಾಫ್ಟ್‌ವೇರ್‌ಗಳ ಬಗ್ಗೆ ಅನಿಸಿಕೆ ಹೇಳಬೇಕಿತ್ತು ಅಷ್ಟೇ, ಅದಕ್ಕೆ ಸ್ವಂತ ದುಡ್ಡು ಹಾಕಬೇಕಿರಲಿಲ್ಲ. ಸಣ್ಣ ವ್ಯಾಪಾರಿ ಆನ್‌ಲೈನ್‌ಗೆ ಬರುವಾಗ ಸರಕು ಕೊಡುವವರು, ಕೊರಿಯರ್, ಬ್ಯಾಂಕ್, ಕಮಿಷನ್, ವಾಪಸ್ ಬರುವ ವಸ್ತು, ಎಲ್ಲವೂ ಜೊತೆಗೇ ಬರುತ್ತವೆ. 1995ರಲ್ಲಿ ಇಯಾಕೊವು, ಬೆನ್‌ಬಸತ್, ಡೆಕ್ಸ್‌ಟರ್ ಮೂವರು ಏಳೇ ಏಳು ಸಣ್ಣ ಸಂಸ್ಥೆಗಳನ್ನು ಹತ್ತಿರದಿಂದ ನೋಡಿ, ಅವು ಕಂಪ್ಯೂಟರ್ ಮೂಲಕ ಆರ್ಡರ್ ವಿನಿಮಯಕ್ಕೆ ಇಳಿಯಲು ಹೊರಗಿನ ಒತ್ತಡ ಒಂದು ದೊಡ್ಡ ಕಾರಣ ಅಂತ ಕಂಡುಕೊಂಡರು. ಇನ್ನೂರು ಪ್ರಶ್ನಾವಳಿಗಿಂತ ಏಳು ಸಂಸ್ಥೆ ಕಡಿಮೆ ಅಲ್ಲ ಅಂತ ಗೈಡ್‌ಗೆ ಹೇಳಲು ಇದು ನಿಮಗೆ ಒಳ್ಳೆಯ ಆಧಾರ.

ಎರಡು ಕಡೆ ಹುಷಾರಾಗಿರಿ. ಆನ್‌ಲೈನ್‌ಗೆ ಬಂದವರ ಮಾರಾಟ ಏರಿದೆ ಅಂದ ಮಾತ್ರಕ್ಕೆ ಆನ್‌ಲೈನ್‌ನಿಂದಲೇ ಏರಿತು ಅಂತ ಬರೆಯಬೇಡಿ, ಮೊದಲೇ ಚುರುಕಾಗಿದ್ದವರೇ ಮೊದಲು ಬಂದಿರುತ್ತಾರೆ ಅಲ್ವಾ. ಇನ್ನೊಂದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಪ್ರಶ್ನಾವಳಿ ಹೋಗುವುದು ಇವತ್ತು ಆನ್‌ಲೈನ್‌ನಲ್ಲಿ ಇರುವವರ ಕೈಗೆ. ಶುರು ಮಾಡಿ, ಕೈಸುಟ್ಟುಕೊಂಡು, ಬಿಟ್ಟುಹೋದವರು ಆ ಪಟ್ಟಿಯಲ್ಲೇ ಇರುವುದಿಲ್ಲ, ಹಾಗಾಗಿ ಉಳಿದವರ ಉತ್ತರ ಓದಿದವರಿಗೆ ಎಲ್ಲ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಅದನ್ನು ನಂಬಿ ಮತ್ತೊಬ್ಬರು ಸಾಲ ಮಾಡಿ ಇಳಿಯುತ್ತಾರೆ. ಎರಡು ವರ್ಷ ಹಿಂದಿನ ಪಟ್ಟಿ ಎಲ್ಲಾದರೂ ಸಿಕ್ಕರೆ ತೆಗೆದುಕೊಳ್ಳಿ, ಅದರಲ್ಲಿ ಈಗ ಯಾರು ಇಲ್ಲ ನೋಡಿ, ಅವರನ್ನು ಹುಡುಕಿಕೊಂಡು ಹೋಗಿ. ಮೊದಲು ಒಬ್ಬರು ಸಿಕ್ಕರೂ ಸಾಕು. ಯಾವ ತಿಂಗಳಲ್ಲಿ, ಯಾವ ಆರ್ಡರ್ ಆದ ಮೇಲೆ ಬಿಡಬೇಕು ಅನ್ನಿಸಿತು ಅಂತ ಕೇಳಿ. ಅವರು ಏನಂದರು ಅಂತ ನನಗೂ ಬರೆಯಿರಿ.